ಕೈಯೂ ಕ್ಷಮೆಯೂ

ಹಳೆಯ ಶಾಯಿ ಕಲೆ ಹೋಗುವುದಿಲ್ಲ ಎಂದು ಗಿರಾಕಿಯ ಮುಖಕ್ಕೇ ಹೇಳುವ ಲಾಂಡ್ರಿ ನಮ್ಮ ಬೀದಿಯಲ್ಲಿ ಒಂದೇ ಒಂದಿತ್ತು. "ನೋಡೋಣ, ಬಿಟ್ಟು ಹೋಗಿ" ಎಂಬ ಮಾತು ಅಲ್ಲಿ ಕೇಳಿಬರುತ್ತಿರಲಿಲ್ಲ. ಅದರ ಒಡತಿ ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಕಲೆಯನ್ನು ಉಗುರಿನಿಂದ ಒಮ್ಮೆ ಕೆರೆದು ನೋಡಿ, ಹೋಗುತ್ತೆ ಅಥವಾ ಹೋಗಲ್ಲ ಎನ್ನುತ್ತಿದ್ದಳು. ನಾಳೆ ಸಿಗುತ್ತಾ ಎಂದು ಕೇಳಿದರೂ ಅಷ್ಟೆ, ಹೌದು ಅಥವಾ ಇಲ್ಲ. ಹೌದೆಂದ ಮೇಲೆ ಆಕಾಶ ಕಳಚಿ ಬಿದ್ದರೂ ಬಟ್ಟೆ ಸಿದ್ಧವಿರುತ್ತಿತ್ತು. ಹೀಗಾಗಿ ಅವಳಿಗೆ ಹೌದಕ್ಕ ಎಂಬ ಹೆಸರು ಬಿತ್ತು. ಮೊದಮೊದಲು ಅದು ಗೇಲಿಯ ಹೆಸರು. ಕೆಲವೇ ವರ್ಷಗಳಲ್ಲಿ ದೊಡ್ಡವರೂ ಗೌರವದಿಂದಲೇ ಹಾಗೆ ಕರೆಯತೊಡಗಿದರು.

ಸ್ವಂತ ಅಂಗಡಿ ತೆರೆಯುವ ಮೊದಲು ಅವಳು ಊರಿನ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಒಂದು ದಿನ ಮಾಲೀಕನ ಮಗ ಹರಟೆ ಹೊಡೆಯುತ್ತಾ ಯಾರದೋ ಕೋಟಿನ ಬೆನ್ನು ಸುಟ್ಟ. ಗಿರಾಕಿ ಕೂಗಾಡಿದಾಗ ಮಾಲೀಕ ಇವಳನ್ನು ಒಳಗಿನಿಂದ ಕರೆಸಿ, "ಹೇಳಮ್ಮ, ನಿನ್ನ ಕೈಯಿಂದ್ಲೇ ಆಯ್ತು ಅಲ್ವಾ?" ಎಂದ. ಕೆಲಸ ಹೋಗುತ್ತದೆಂಬ ಭಯಕ್ಕೆ ಇವಳು ತಲೆಯಾಡಿಸಿದಳು. ಗಿರಾಕಿ ಅವಳ ಜನ್ಮ ಜಾಲಾಡಿ ಹೋದ. ಆಮೇಲೆ ಮಾಲೀಕ, "ವ್ಯಾಪಾರ ಅಂದ್ಮೇಲೆ ಇದೆಲ್ಲ ಇರುತ್ತೆ, ಮನಸ್ಸಿಗೆ ಹಚ್ಕೋಬೇಡ" ಎಂದು ಸಮಾಧಾನ ಮಾಡಿದ. ಅವಳು ಹಚ್ಚಿಕೊಂಡಳು. ಬೈಗುಳಕ್ಕಿಂತ, ತಾನು ತಲೆಯಾಡಿಸಿದ ಸುಳ್ಳು ಅವಳನ್ನು ಹುಳುವಿನಂತೆ ಕೊರೆಯಿತು.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಅವಳು ಪಾದ್ರಿಗಳನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿದಳು. "ಅಯ್ಯನೋರೇ, ಸ್ವಾಮಿ ಹೇಳಿದ ಹಾಗೇ ಒಂದು ಅಂಗಡಿ ನಡೆಸೋಕಾಗುತ್ತಾ?"

ಪಾದ್ರಿಗಳು ವಯಸ್ಸಾದವರು, ನಿಧಾನಸ್ಥರು. ಗಡ್ಡ ಕೆರೆದುಕೊಂಡು, "ಸ್ವಾಮಿ ಬಡಗಿ ಕೆಲಸ ಮಾಡಿದೋರು. ಗಿರಾಕಿಗಳ ಕಾಟ ಅವರಿಗೂ ಗೊತ್ತಿದ್ದಿರಬೇಕು. ನಡೆಸಿ ನೋಡಮ್ಮ" ಎಂದರು.

ಅಮ್ಮ ಬಿಟ್ಟುಹೋದ ಮನೆಯ ಮುಂದಿನ ಕೋಣೆಯಲ್ಲೇ ಲಾಂಡ್ರಿ ಶುರುವಾಯಿತು. ಜೊತೆಗೆ ತಂಗಿ ಇದ್ದಳು. ಅಮ್ಮ ತೀರಿಕೊಂಡಾಗ ಆ ಹುಡುಗಿಗೆ ಹಾಲುಹಲ್ಲು ಬೀಳುವ ವಯಸ್ಸು. ತಲೆ ಬಾಚಿ, ಬೈದು, ಉಣ್ಣಿಸಿ ಬೆಳೆಸಿದವಳು ಹೌದಕ್ಕನೇ. ಅಕ್ಕ ಎಷ್ಟು ಗಂಭೀರಳೋ ತಂಗಿ ಅಷ್ಟೇ ನಗೆಗಾರ್ತಿ. ಗಿರಾಕಿಗಳ ಬಟ್ಟೆ ನೋಡಿಯೇ ಅವರ ಸಂಸಾರ ಹೇಳುತ್ತಿದ್ದಳು. "ಈ ಅಂಗಿ ನೋಡಕ್ಕ, ಗುಂಡಿ ಎಲ್ಲ ಗಂಡಸು ಹೊಲಿದಿರೋದು. ಹೆಂಡತಿ ಮಾತು ಬಿಟ್ಟಿದ್ದಾಳೆ." ಅಕ್ಕ ತುಟಿ ಬಿಗಿಹಿಡಿದು ನಗು ನುಂಗುತ್ತಿದ್ದಳು.

ಅಂಗಡಿಯ ನೇಮಗಳು ಸರಳವಾಗಿದ್ದವು. ಸುಳ್ಳಿಲ್ಲ. ಭಾನುವಾರ ಬಾಗಿಲು ತೆರೆಯುವುದಿಲ್ಲ. ದುಡಿದವರ ಕೂಲಿ ಹೊತ್ತು ಮುಳುಗುವ ಮೊದಲು ಅವರ ಕೈ ಸೇರಬೇಕು. ಯಾರಾದರೂ ತಪ್ಪು ಮಾಡಿದರೆ ಬೆನ್ನ ಹಿಂದೆ ಆಡಬಾರದು. ಮೊದಲು ಒಬ್ಬರೇ ಹೋಗಿ ಹೇಳಬೇಕು. ಕೇಳದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಎಲ್ಲರ ಮುಂದೆ ಹೇಳಬೇಕು. ಎಲ್ಲರ ಮಾತನ್ನೂ ಮೀರಿದರೆ ಅವರನ್ನು ಹೊರಗಿನವರಂತೆ ಎಣಿಸಬೇಕು. ಇದು ಸುವಾರ್ತೆಯಲ್ಲಿದ್ದದ್ದೇ, ಅವಳು ಹುಟ್ಟಿಸಿದ್ದಲ್ಲ.

ಇದೆಲ್ಲ ಮೂರು ದಿನದ ಮಾತು ಎಂದು ಬೀದಿಯವರು ನಕ್ಕರು. ಆದರೆ ಕೆಲಸ ಕೂಡಿಬಂತು. ಹೋಗದ ಕಲೆ ಹೋಗಲ್ಲ ಎಂದವಳು, ಹೋಗುತ್ತೆ ಎಂದಾಗ ಜನ ನಂಬಿದರು. ಹತ್ತಿರದ ಹೋಟೆಲಿನವನು ಹಾಸುಹೊದಿಕೆಗಳನ್ನೆಲ್ಲ ಕೊಡುತ್ತೇನೆ, ಭಾನುವಾರವೂ ಬೇಕು ಎಂದ. ಇವಳು ಇಲ್ಲ ಎಂದಳು. ಅವನು ಬೇರೆ ಕಡೆ ಕೊಟ್ಟು, ಬೂದಿಬಣ್ಣಕ್ಕೆ ತಿರುಗಿದ ಹಾಸುಗಳನ್ನು ಕಂಡು ತಲೆ ಚಚ್ಚಿಕೊಂಡು ತಾನಾಗಿ ಬಂದ. "ಆಯ್ತು ತಾಯಿ, ಶನಿವಾರ ರಾತ್ರಿ ನಮ್ಮ ಗಿರಾಕಿಗಳು ಬೆವರದ ಹಾಗೆ ನೋಡ್ಕೋತೀನಿ" ಎಂದ. ಆಮೇಲೆ ಆಸ್ಪತ್ರೆಯ ಬಟ್ಟೆಯೂ ಬಂತು. ಹಿತ್ತಿಲಲ್ಲಿ ತಗಡಿನ ಸೂರು ಎದ್ದಿತು. ಒಗೆಯುವ ಯಂತ್ರಗಳು ಬಂದವು. ಕೊನೆಗೆ ಹಾಸುಗಳನ್ನು ಇಸ್ತ್ರಿ ಮಾಡುವ ರೋಲರ್ ಬಂತು. ಮಂಚದಷ್ಟು ಅಗಲದ, ಕೆಂಡದಂತೆ ಕಾಯುವ ಎರಡು ಉರುಳೆಗಳು. ಒಂದು ಕಡೆಯಿಂದ ಒದ್ದೆ ಹಾಸಿನ ಅಂಚನ್ನು ಕೊಟ್ಟರೆ ಇನ್ನೊಂದು ಕಡೆ ಒಣಗಿ, ಗರಿಗರಿಯಾಗಿ ಬರುತ್ತಿತ್ತು.

ರೋಲರಿಗೆ ಬಟ್ಟೆ ಕೊಡುವ ಕಡೆ ನಿಲ್ಲುತ್ತಿದ್ದವಳು ಗುಬ್ಬಿ. ಆಳು ಚೋಟುದ್ದ, ಮಾತು ಊರುದ್ದ. ಗಂಡ ಹೊರಗೆ ಹಾಕಿದ ಮೇಲೆ ನಾಲ್ಕು ಕಡೆ ಕೆಲಸ ಮಾಡಿ, ನಾಲ್ಕು ಕಡೆಯೂ ಬಾಯಿಯ ದೆಸೆಯಿಂದ ಕೆಲಸ ಕಳೆದುಕೊಂಡು ಬಂದಿದ್ದಳು. "ಬಾಯಿ ಇರಲಿ, ಸುಳ್ಳು ಬೇಡ" ಎಂದು ಹೌದಕ್ಕ ಸೇರಿಸಿಕೊಂಡಳು. ರೋಲರಿನ ಈಚೆ ಗುಬ್ಬಿ, ಆಚೆ ಬಟ್ಟೆ ಹಿಡಿದು ಮಡಿಸುವ ತಂಗಿ. ಇಬ್ಬರ ಮಧ್ಯೆ ದಿನವಿಡೀ ಹಾಸುಗಳೂ ಮಾತೂ ಹರಿಯುತ್ತಿದ್ದವು. "ನನಗೆ ಎರಡನೇ ಸಲ ಅಮ್ಮನ ಮನೆ ಸಿಕ್ತು" ಎಂದು ಗುಬ್ಬಿ ಕಂಡಕಂಡವರಿಗೆ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಅಕ್ಕತಂಗಿಯರು ಊಟಕ್ಕೆ ಕುಳಿತಾಗ ತಂಗಿ ಒಂದು ವಿಷಯ ಹೇಳಿದಳು. ಅವಳ ಗೆಳತಿಯ ಮದುವೆಗೆ ಉಟ್ಟುಕೊಳ್ಳಲು ಒಳ್ಳೆಯದೇನೂ ಇರಲಿಲ್ಲ. ಶಾಲೆಯ ದೊಡ್ಡ ಮೇಡಂ ಒಬ್ಬರ ಕಡುನೀಲಿ ರೇಷ್ಮೆ ಉಡುಪು ಒಗೆದು ಸಿದ್ಧವಾಗಿ ತೂಗುತ್ತಿತ್ತು. ಒಂದು ಸಂಜೆ ಹಾಕಿಕೊಂಡು ಹೋಗಿ ಬಂದು, ತಾನೇ ಮತ್ತೆ ಒಗೆದು, ಇಸ್ತ್ರಿ ಮಾಡಿ, ಮೇಡಂಗೆ ಕೊಟ್ಟಿದ್ದಳು. "ಅಕ್ಕ, ಎಲ್ಲರೂ ಮದುವೆ ಹೆಣ್ಣನ್ನ ಬಿಟ್ಟು ನನ್ನನ್ನೇ ನೋಡ್ತಿದ್ರು" ಎಂದು ನಕ್ಕಳು.

ಹೌದಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. "ಅದು ನಿನ್ನದಾ?"

"ಅಲ್ಲ."

"ಕೇಳಿ ತಗೊಂಡ್ಯಾ?"

"ಇಲ್ಲ. ಹೋಗ್ಲಿ ಬಿಡಕ್ಕ, ನೂಲೂ ಹರಿದಿಲ್ಲ."

"ತಪ್ಪಾಯ್ತು ಅನ್ನು. ಮೇಡಂ ಹತ್ರ ಹೋಗಿ ಹೇಳು."

ತಂಗಿ ತಮಾಷೆ ಎಂದುಕೊಂಡಳು. ಮರುದಿನ ಗುಬ್ಬಿಯನ್ನೂ ಪಾದ್ರಿಗಳನ್ನೂ ಕರೆಸಿ ಅಕ್ಕ ಅದೇ ಮಾತು ಕೇಳಿದಾಗ ಅವಳ ನಗು ನಿಂತಿತು. ಗುಬ್ಬಿ ನೆಲ ನೋಡುತ್ತಾ ನಿಂತಿದ್ದಳು. ಪಾದ್ರಿಗಳು, "ಚಿಕ್ಕ ವಿಷಯ ಅಮ್ಮ, ಬಿಟ್ಟುಬಿಡು" ಎಂದರು. ಹೌದಕ್ಕ, "ಚಿಕ್ಕದು ಅಂತ ಬಿಡೋಕೆ ನಮ್ಮ ಮನೆಯವಳು ಅನ್ನೋದು ಬಿಟ್ರೆ ಬೇರೆ ಕಾರಣ ಇದೆಯಾ, ಅಯ್ಯನೋರೇ?" ಎಂದಳು.

ಮೂರನೆಯದು ಎಲ್ಲರ ಮುಂದೆ ನಡೆಯಿತು. ಯಂತ್ರಗಳನ್ನು ನಿಲ್ಲಿಸಿ ಒಗೆಯುವವರು, ಹಿಂಡುವವರು, ಬಟ್ಟೆ ಹೊರುವವರೆಲ್ಲ ತಗಡಿನ ಸೂರಿನ ಕೆಳಗೆ ಸೇರಿದರು. ಮೇಡಂ ಅವರನ್ನೂ ಕರೆಸಲಾಗಿತ್ತು. ವಿಷಯ ಕೇಳಿ ಮೇಡಂಗೇ ಮುಜುಗರವಾಯಿತು. "ಅಯ್ಯೋ, ಹೋಗ್ಲಿ ಬಿಡಿ. ಹುಡುಗಿ, ಆಸೆಪಟ್ಟಿದ್ದಾಳೆ. ನನಗೇನೂ ಬೇಜಾರಿಲ್ಲ" ಎಂದು ಎದ್ದು ನಿಂತರು. ಹೌದಕ್ಕ ಅವರನ್ನು ಮತ್ತೆ ಕೂರಿಸಿದಳು.

"ಹಾಕ್ಕೊಂಡಿದ್ದು ಹೌದಾ?" ಎಂದು ತಂಗಿಯನ್ನು ಕೇಳಿದಳು.

"ಹೌದು."

"ಪಶ್ಚಾತ್ತಾಪ ಇದೆಯಾ?"

ತಂಗಿ ತಲೆ ಎತ್ತಿದಳು. ಅವಳ ಮುಖ ಬೆಂಕಿಯಾಗಿತ್ತು, ಆದರೆ ದನಿ ನಡುಗಲಿಲ್ಲ. "ನಾಚಿಕೆ ಆಗಿದೆ, ನೀನು ಹೀಗೆ ನಿಲ್ಲಿಸಿದ್ದಕ್ಕೆ. ಪಶ್ಚಾತ್ತಾಪ ಆಗಿಲ್ಲ. ಆ ಒಂದು ಸಂಜೆ ನನಗೆ ಚೆನ್ನಾಗಿತ್ತು. ಈಗ ಇದೆ ಅಂದ್ರೆ ಸುಳ್ಳಾಗುತ್ತೆ. ಸುಳ್ಳು ಹೇಳ್ಲಾ ಅಕ್ಕ?"

ಯಾರೋ ಹಿಂದೆ ಕೆಮ್ಮಿದರು. ಹೌದಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಆ ಗಳಿಗೆ ಅವಳು ಸೋತು ನಕ್ಕಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವಳು ನಗಲಿಲ್ಲ. "ಇವತ್ತಿಂದ ಇವಳು ನಮಗೆ ಹೊರಗಿನವಳು. ಕೆಲಸ ಮಾಡ್ಲಿ, ಕೂಲಿ ತಗೊಳ್ಲಿ. ತಪ್ಪಾಯ್ತು ಅನ್ನೋ ತನಕ ಯಾರೂ ಮಾತಾಡ್ಬೇಡಿ" ಎಂದಳು.

ಸುದ್ದಿ ಮುಟ್ಟಿದೊಡನೆ ಪಾದ್ರಿಗಳು ಓಡಿಬಂದರು. "ಹೊರಗಿನವರನ್ನ ಸ್ವಾಮಿ ಏನು ಮಾಡಿದ್ರು ಹೇಳಮ್ಮ? ಅವರ ಮನೆಗೇ ಹೋಗಿ ಊಟಕ್ಕೆ ಕೂತರು."

"ಸುವಾರ್ತೆಯ ಆ ಸುಂಕದವನು ಸ್ವಾಮಿನ ನೋಡ್ಬೇಕು ಅಂತ ಮರ ಹತ್ತಿ ಕಾದಿದ್ದ, ಕರೆದ ಕೂಡ್ಲೇ ಇಳಿದು ಬಂದ ಅಯ್ಯನೋರೇ. ಇವಳು ಇಳಿದೂ ಬರ್ತಿಲ್ಲ."

ಆಮೇಲಿನ ತಿಂಗಳುಗಳು ಹೇಗಿದ್ದವೆಂದು ಅಲ್ಲಿ ದುಡಿದವರು ಈಗಲೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದೇ ಸೂರಿನಡಿ, ಒಂದೇ ಒಲೆಯ ಊಟ ಉಂಡು, ಅಕ್ಕತಂಗಿಯರ ಮಧ್ಯೆ ಮಾತಿಲ್ಲ. ತಟ್ಟೆ ಬಡಿಸಿಟ್ಟು ಅಕ್ಕ ಹೊರಗೆ ಹೋಗುತ್ತಿದ್ದಳು. ತಂಗಿ ಮೊದಮೊದಲು ಪಂತಕ್ಕೆ ಬಿದ್ದವಳಂತೆ ಒಬ್ಬಳೇ ಮಾತಾಡಿದಳು, ಹಾಡಿದಳು, ಹಾಸುಗಳಿಗೇ ಜೋಕು ಹೇಳಿದಳು. ಕೆಲವರಿಗೆ ನಗು ಬರುತ್ತಿತ್ತು. ನಕ್ಕವರನ್ನು ಹೌದಕ್ಕ ಒಬ್ಬಳೇ ಕರೆದು ಮಾತಾಡಿದ ಮೇಲೆ ನಗುವೂ ನಿಂತಿತು. ಎಲ್ಲಕ್ಕಿಂತ ಗುಬ್ಬಿಗೆ ಕಷ್ಟವಾಯಿತು. ಎದುರಿಗೇ ನಿಂತು, ಒಂದೇ ಹಾಸಿನ ಎರಡು ತುದಿ ಹಿಡಿದು, ಕಣ್ಣೆತ್ತದೆ ಇರಬೇಕಿತ್ತು. ಅಮ್ಮನ ಮನೆ ಕಳೆದುಕೊಳ್ಳಲು ಅವಳಿಗೆ ಧೈರ್ಯವಿರಲಿಲ್ಲ. ತಂಗಿಯ ದನಿ ಕಿವಿಗೆ ಬಿದ್ದೊಡನೆ ಮನಸ್ಸಿನಲ್ಲಿ ಕೀರ್ತನೆ ಹೇಳಿಕೊಳ್ಳುವುದನ್ನು ರೂಢಿ ಮಾಡಿಕೊಂಡಳು. ಬರಬರುತ್ತಾ ಅದು ಯಂತ್ರದ ಗುಂಯ್ ಸದ್ದಿನ ಹಾಗೆ ಆಯಿತು. ಇದ್ದರೂ ಕೇಳಿಸುತ್ತಿರಲಿಲ್ಲ.

ರೋಲರಿನ ಮುಂದೆ, ಕೈ ಒಳಗೆ ಹೋಗದಂತೆ ತಡೆಯಲು ಒಂದು ಮರದ ಪಟ್ಟಿ ಇತ್ತು. ಅದರ ಮೊಳೆ ಸಡಿಲವಾದದ್ದನ್ನು ಮೊದಲು ಕಂಡವಳು ತಂಗಿ. ಆಚೆ ಬದಿಯಿಂದ ನೋಡಿದರೆ ಪಟ್ಟಿ ಒಂದು ಕಡೆ ಜಗ್ಗಿ ಅಲ್ಲಾಡುತ್ತಿತ್ತು.

"ಗುಬ್ಬಿ, ಆ ಪಟ್ಟಿ ನೋಡು. ಅಲ್ಲಾಡ್ತಿದೆ" ಎಂದಳು.

ಗುಬ್ಬಿ ತಲೆ ತಗ್ಗಿಸಿ ಮುಂದಿನ ಹಾಸು ತೆಗೆದುಕೊಂಡಳು.

ತಂಗಿ ಅಕ್ಕನಿದ್ದಲ್ಲಿಗೆ ಹೋದಳು. "ಅಕ್ಕ, ರೋಲರ್ ಪಟ್ಟಿ ಸಡಿಲ ಆಗಿದೆ." ಹೌದಕ್ಕ ಅವಳ ತುಟಿಯನ್ನೇ ನೋಡಿದಳು. ಬರಬೇಕಾದ ಮಾತು ಅದಲ್ಲವೆಂದು ತಿಳಿದು ಮುಖ ತಿರುಗಿಸಿದಳು. ತಂಗಿ ಸಿಟ್ಟಿನಿಂದ ಹೋಗಿ ಸ್ವಿಚ್ ಆರಿಸಿದಳು. ಉರುಳೆಗಳು ನಿಂತವು. ಹಿಂದೆಯೇ ಬಂದ ಹೌದಕ್ಕ ಅವಳತ್ತ ಕಣ್ಣೂ ಹಾಯಿಸದೆ ಸ್ವಿಚ್ ಹಾಕಿದಳು. ಕೆಲಸ ಕೆಡಿಸಿಯಾದರೂ ಮಾತಾಡಿಸಿಕೊಳ್ಳುವ ಹಟ ಎಂದುಕೊಂಡಳು. ಆಸ್ಪತ್ರೆಯ ಬಟ್ಟೆ ಅಂದು ಸಂಜೆ ಕೊಡುತ್ತೇನೆಂದು ಹೌದು ಹೇಳಿಯಾಗಿತ್ತು.

ಮಧ್ಯಾಹ್ನದ ಊಟವಾಗಿ ಎಲ್ಲರೂ ಕೆಲಸಕ್ಕೆ ನಿಂತ ಸ್ವಲ್ಪ ಹೊತ್ತಿಗೆ ಪಟ್ಟಿ ಒಂದು ಕಡೆ ಕಳಚಿ ಬಿತ್ತು. ಸುಕ್ಕಾದ ಅಂಚನ್ನು ಬಿಡಿಸಲು ಗುಬ್ಬಿ ಮುಂದಕ್ಕೆ ಬಾಗುತ್ತಿದ್ದಳು. "ಗುಬ್ಬಿ, ಕೈ! ಕೈ ತೆಗಿ!" ಎಂದು ತಂಗಿ ಚೀರಿದಳು. ಆ ಸೂರಿನಡಿ ಅಷ್ಟು ಜನರಿದ್ದರು. ಒಬ್ಬರೂ ತಿರುಗಿ ನೋಡಲಿಲ್ಲ. ಗುಬ್ಬಿಯೂ ತಲೆಯೆತ್ತಲಿಲ್ಲ. ಅವಳ ಬಲಗೈ ಒದ್ದೆ ಹಾಸಿನ ಜೊತೆ ಒಳಗೆ ಹೋಯಿತು. ಎಲ್ಲರೂ ತಿರುಗಿದ್ದು ಗುಬ್ಬಿಯ ಕೂಗಿಗೆ. ಅಷ್ಟರಲ್ಲಿ ತಂಗಿ ಸುತ್ತಿ ಓಡಿಬಂದು ಸ್ವಿಚ್ ಆರಿಸಿದ್ದಳು.

ಉರುಳೆಗಳನ್ನು ಬಿಡಿಸುವುದಕ್ಕೆ ಹೊತ್ತು ಹಿಡಿಯಿತು. ಆ ಹೊತ್ತೆಲ್ಲ ಉರುಳೆಗಳು ಕಾದೇ ಇದ್ದವು. ವೈದ್ಯರು ಕೈಯನ್ನು ಮಣಿಕಟ್ಟಿನ ಮೇಲಕ್ಕೆ ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ಗುಬ್ಬಿಯನ್ನು ಮಲಗಿಸಿದ್ದ ಹಾಸು ಹಿಂದಿನ ವಾರ ಅವಳೇ ರೋಲರಿಗೆ ಕೊಟ್ಟಿದ್ದಿರಬೇಕು.

ಸರ್ಕಾರದ ತನಿಖೆಯವನು ಬಂದು ಪಟ್ಟಿಯನ್ನು ನೋಡಿ, "ಗೊತ್ತಿರಲಿಲ್ಲ ಅಲ್ವಾ?" ಎಂದು ಹೌದಕ್ಕನಿಗೆ ತಪ್ಪಿಸಿಕೊಳ್ಳುವ ದಾರಿಯನ್ನೇ ತೋರಿಸಿದ. "ಗೊತ್ತಿತ್ತು. ಬೆಳಿಗ್ಗೆಯೇ ಹೇಳಿದ್ರು. ನಾನು ಕೇಳಲಿಲ್ಲ. ತಪ್ಪು ನನ್ನದು" ಎಂದಳು. ಅವನು ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ದಂಡ ಬಿತ್ತು. ರೋಲರಿಗೆ ಬೀಗಮುದ್ರೆ ಬಿತ್ತು. ಎರಡನ್ನೂ ಅವಳು ತುಟಿ ಪಿಟಕ್ಕೆನ್ನದೆ ಹೊತ್ತಳು.

ಆಮೇಲೆ ಅವಳು ಪಾದ್ರಿಗಳನ್ನೂ ಕೆಲಸದವರೆಲ್ಲರನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದಳು. ಮಂಚದ ಪಕ್ಕ ಮೊಣಕಾಲೂರಿ, ಎಲ್ಲರಿಗೂ ಕೇಳುವಂತೆ ತನ್ನ ತಪ್ಪನ್ನು ಹೇಳಿಕೊಂಡಳು. ಒಂದು ಮಾತನ್ನೂ ಮುಚ್ಚಿಡಲಿಲ್ಲ. ಕೆಲಸದವರು ಅತ್ತರು. ಪಕ್ಕದ ಮಂಚದವರೂ ಕಣ್ಣೊರೆಸಿಕೊಂಡರು. "ನನ್ನನ್ನ ಕ್ಷಮಿಸ್ತೀಯಾ?" ಎಂದು ಕೊನೆಗೆ ಕೇಳಿದಳು.

ಎಲ್ಲರೂ ಗುಬ್ಬಿಯತ್ತ ತಿರುಗಿದರು. ಅವಳ ಕೈಯ ತುದಿ ಬಟ್ಟೆ ಸುತ್ತಿ ಎಳೆಮಗುವಿನ ತಲೆಯಷ್ಟಾಗಿತ್ತು. ಔಷಧಿಯ ಮಂಪರಿನಲ್ಲಿ ಕಣ್ಣು ತೇಲುತ್ತಿತ್ತು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರೂ ಕಾಯುತ್ತಿದ್ದರು.

"ಕ್ಷಮಿಸಿದ್ದೀನಿ ಅಕ್ಕ" ಎಂದಳು.

ಯಾರೋ "ದೇವರಿಗೆ ಸ್ತೋತ್ರ" ಎಂದರು. ಹೌದಕ್ಕ ಅವಳ ಎಡಗೈಯನ್ನು ಕಣ್ಣಿಗೊತ್ತಿಕೊಂಡಳು.

ತಂಗಿ ಬಾಗಿಲಾಚೆಯೇ ನಿಂತಿದ್ದಳು. ಅಕ್ಕ ಹೊರಗೆ ಬಂದು, "ನೀನೂ ನನ್ನನ್ನ ಕ್ಷಮಿ..." ಎನ್ನುವಷ್ಟರಲ್ಲಿ ಅವಳು ತಡೆದಳು. "ನೀನು ಅವಳ ಕೈ ತಗೊಂಡೆ. ಸಾಲಲಿಲ್ಲ ಅಂತ ಕ್ಷಮೆನೂ ಈಸ್ಕೊಂಡೆ." ಅಷ್ಟು ಹೇಳಿ ಮೆಟ್ಟಿಲಿಳಿದಳು. ಆ ವಾರವೇ ಬೇರೆ ಊರಿಗೆ ಹೋಗಿ ಒಂದು ಹೊಲಿಗೆ ಅಂಗಡಿಯಲ್ಲಿ ಸೇರಿಕೊಂಡಳು.

ಹೌದಕ್ಕನ ಸತ್ಯ ಊರಿನ ಬಾಯಿಗೆ ಬಿತ್ತು. ತನಿಖೆಯವನ ಮುಂದೆ ತಪ್ಪು ಒಪ್ಪಿಕೊಂಡ ಮಾಲೀಕಳನ್ನು ಯಾರು ಕಂಡಿದ್ದರು? ಕೆಲಸ ಕಡಿಮೆಯಾಗುವ ಬದಲು ಹೆಚ್ಚಾಯಿತು. ಹೊಸ ರೋಲರ್ ಬಂತು, ಕಬ್ಬಿಣದ ತಡೆ ಇರುವಂಥದ್ದು. ಹೌದಕ್ಕ ಗುಬ್ಬಿಯನ್ನು ಬಿಡದೆ ಕರೆತಂದು, ಮುಂಚಿನದೇ ಸಂಬಳಕ್ಕೆ ಮುಂದಿನ ಕೋಣೆಯಲ್ಲಿ ಬಟ್ಟೆ ತೆಗೆದುಕೊಳ್ಳುವ ಕಡೆ ಕೂರಿಸಿದಳು. ಗುಬ್ಬಿ ಎಡಗೈಯಿಂದ ಚೀಟಿ ಕೊಡುತ್ತಿದ್ದಳು. ಬಂದವರು ಮೊಂಡುಗೈಯನ್ನು ನೋಡಿ, ಆಮೇಲೆ ಹೌದಕ್ಕನನ್ನು ನೋಡಿ, "ಬೇರೆ ಯಾರಾಗಿದ್ರೂ ಬೀದಿಪಾಲು ಮಾಡ್ತಿದ್ರು" ಎನ್ನುತ್ತಿದ್ದರು. ದಿನಕ್ಕೆ ಎಷ್ಟೋ ಸಲ ಗುಬ್ಬಿ ಅದನ್ನು ಕೇಳುತ್ತಿದ್ದಳು. ಅವಳು ಮಾತು ಕಡಿಮೆ ಮಾಡಿದ್ದಳು. ಚೀಟಿಯ ನಂಬರಷ್ಟೇ ಹೇಳುತ್ತಿದ್ದಳು.

ಬೇರೆ ಬೇರೆ ಚರ್ಚುಗಳ ಸಭೆಯವರು ಹೌದಕ್ಕನನ್ನು ಮಾತಾಡಲು ಕರೆಯತೊಡಗಿದರು. ವಿಶ್ವಾಸದಿಂದ ವ್ಯಾಪಾರ ನಡೆಸುವುದು ಹೇಗೆಂದು ಅಂಗಡಿಕಾರರಿಗೆ, ಹೊಸದಾಗಿ ವ್ಯಾಪಾರ ಶುರುಮಾಡುವ ಹುಡುಗರಿಗೆ ಅವಳು ಹೇಳುತ್ತಿದ್ದಳು. ತನ್ನ ತಪ್ಪನ್ನು ಮರೆಮಾಚುತ್ತಿರಲಿಲ್ಲ. ಅದನ್ನೇ ಮೊದಲು ಹೇಳುತ್ತಿದ್ದಳು. ಗುಬ್ಬಿಯನ್ನೂ ಜೊತೆಗೆ ಕರೆದೊಯ್ಯುತ್ತಿದ್ದಳು. ಕ್ಷಮೆಯ ಭಾಗಕ್ಕೆ ಬಂದಾಗ ಗುಬ್ಬಿ ಎದ್ದು ನಿಂತರೆ ಜನ ಚಪ್ಪಾಳೆ ತಟ್ಟುತ್ತಿದ್ದರು.

ಒಂದು ದೊಡ್ಡ ಸಭೆಯಲ್ಲಿ, ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಅಂದು ನಿರೂಪಣೆ ಮಾಡುತ್ತಿದ್ದ ಯುವಕ ಹುರುಪಿನಲ್ಲಿ ಮೈಕನ್ನು ಗುಬ್ಬಿಯ ಬಾಯಿಗೆ ಹಿಡಿದ. "ತಾಯಿ, ನೀವೇ ಹೇಳಿ. ಮನಸಾರೆ ಕ್ಷಮಿಸಿದ್ದೀರಿ ಅಲ್ವಾ?"

"ಇಲ್ಲ" ಎಂದಳು ಗುಬ್ಬಿ.

ಮೈಕು ಆ ಮಾತನ್ನು ಮೂಲೆ ಮೂಲೆಗೂ ಮುಟ್ಟಿಸಿತು. ಯುವಕ ನಗಲು ನೋಡಿದ. "ಅಂದ್ರೆ, ಆಸ್ಪತ್ರೆಯಲ್ಲಿ..."

"ಆಸ್ಪತ್ರೆಯಲ್ಲಿ ಎಲ್ಲರೂ ನನ್ನ ಬಾಯಿ ನೋಡ್ತಾ ನಿಂತಿದ್ರು. ಅದಕ್ಕೆ ಹೇಳಿದೆ. ಸುಳ್ಳು ಹೇಳಿದೆ."

ಅವಳು ಕುಳಿತುಕೊಂಡಳು. ಗುಂಪಿನಲ್ಲಿ ಯಾರೋ ಹೆಂಗಸು, "ಉಂಡ ಮನೆಗೆ ದ್ರೋಹ" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಹಾಡು ಶುರುಮಾಡಿ ಕಾರ್ಯಕ್ರಮ ಮುಗಿಸಿದರು.

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತಿದ್ದರು. ಬಹಳ ದೂರ ಹೋದ ಮೇಲೆ ಹೌದಕ್ಕ ಕೇಳಿದಳು. "ಅಷ್ಟು ಜನರ ಮುಂದೆ ಯಾಕೆ? ಮೊದಲು ನನ್ನ ಹತ್ರ ಒಬ್ಬಳೇ ಬಂದು ಹೇಳಬಹುದಿತ್ತಲ್ಲ?"

"ನೀವು ಬಂದಿದ್ರಾ, ಒಬ್ರೇ?" ಎಂದಳು ಗುಬ್ಬಿ. "ಪಾದ್ರಿನ ಕರ್ಕೊಂಡು ಬಂದ್ರಿ. ಒಗೆಯೋರು, ಹಿಂಡೋರು, ಎಲ್ಲರನ್ನೂ ಕರ್ಕೊಂಡು ಬಂದ್ರಿ. ಒಬ್ರೇ ಬಂದಿದ್ರೆ ನಿಮ್ಮನ್ನ ಬೈತಿದ್ದೆ, ಅಳ್ತಿದ್ದೆ. ಆಮೇಲೆ ಏನಾಗ್ತಿತ್ತೋ."

ಹೌದಕ್ಕ ಕಿಟಕಿಯ ಕಡೆ ತಿರುಗಿದಳು. "ಕೆಲಸ ಬಿಡ್ತೀಯಾ?"

"ಯಾಕೆ ಬಿಡ್ಲಿ? ಹೊಟ್ಟೆಗೆ ಬೇಕು. ಸಂಬಳಕ್ಕೆ ಬರ್ತೀನಿ. ಸಭೆಗೆ ಬರಲ್ಲ. ಇನ್ನೊಂದು ಸಲ ಕ್ಷಮಿಸು ಅಂತ ಕೇಳ್ಬೇಡಿ. ಕೊಡೋ ಹಾಗಾದ್ರೆ ನಾನೇ ಹೇಳ್ತೀನಿ."

"ಯಾವಾಗ?"

"ಗೊತ್ತಿಲ್ಲ ಅಕ್ಕ. ಆಗದೇನೂ ಇರಬಹುದು."

ಆ ಮೇಲೆ ಹೌದಕ್ಕ ಯಾವ ಸಭೆಯಲ್ಲೂ ಮಾತಾಡಲಿಲ್ಲ. ಕರೆಯಲು ಬಂದವರಿಗೆ ಇಲ್ಲ ಎಂದಳು. ಕಾರಣ ಕೇಳಿದರೆ ಹೇಳಲಿಲ್ಲ. ಒಂದು ಸಲ ಯಾರನ್ನೂ ಕರೆದುಕೊಳ್ಳದೆ ತಂಗಿಯ ಊರಿಗೆ ಹೋಗಿ ಬಂದಳು. ತಂಗಿ ಮೆಕ್ಯಾನಿಕ್ ಒಬ್ಬನನ್ನು ಮದುವೆಯಾಗಿ, ಎರಡು ಕೋಣೆಯ ಮನೆ ಮಾಡಿದ್ದಳು. ಅಕ್ಕನಿಗೆ ಚಾಪೆ ಹಾಸಿದಳು, ಬಿಸಿಬಿಸಿ ಅಡಿಗೆ ಮಾಡಿ ಬಡಿಸಿದಳು, ಎದುರಿಗೇ ಕುಳಿತು ಉಂಡಳು, ಗಂಡನ ಗೊರಕೆಯ ಬಗ್ಗೆ ಜೋಕು ಹೇಳಿದಳು. ಅಕ್ಕ ಹೊರಡುವಾಗ, "ಮನೆಗೆ ಬಾ" ಎಂದದ್ದಕ್ಕೆ, "ನೀನೇ ಬರ್ತಾ ಇರು, ಅಲ್ಲಿಗೆ ನಾನು ಬರಲ್ಲ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಮೇಲಾಗಿತ್ತೆಂದು ಹೌದಕ್ಕ ಪಾದ್ರಿಗಳ ಹತ್ತಿರ ಹೇಳಿಕೊಂಡಳಂತೆ.

ಲಾಂಡ್ರಿ ಈಗಲೂ ಇದೆ. ಹೋಟೆಲಿನ ಬಟ್ಟೆ ಬರುತ್ತದೆ, ಆಸ್ಪತ್ರೆಯ ಬಟ್ಟೆ ಬರುತ್ತದೆ. ಕೂಲಿ ಹೊತ್ತು ಮುಳುಗುವ ಮೊದಲೇ ಸಿಗುತ್ತದೆ. ಎಲ್ಲರ ಮುಂದೆ ತಪ್ಪು ಹೇಳಿಸುವುದು ನಿಂತಿದೆ. ಕೆಲಸದವರು ಈಗ ಉಳಿದ ಎಲ್ಲ ಕಡೆಯಂತೆ ಬೆನ್ನ ಹಿಂದೆಯೇ ಮಾತಾಡಿಕೊಳ್ಳುತ್ತಾರೆ. ಗುಬ್ಬಿ ಎಡಗೈಯಲ್ಲಿ ಚೀಟಿ ಬರೆಯಲು ಕಲಿತಿದ್ದಾಳೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಇಬ್ಬರು ಹೆಂಗಸರೂ ಮುಂದಿನ ಕೋಣೆಯಲ್ಲೇ ಊಟಕ್ಕೆ ಕೂರುತ್ತಾರೆ. ಹೌದಕ್ಕ ಅವಳ ಬುತ್ತಿಯ ಮುಚ್ಚಳ ತೆಗೆದುಕೊಡುತ್ತಾಳೆ. ಗುಬ್ಬಿ ಬುತ್ತಿಯನ್ನು ತೆಗೆದುಕೊಂಡು, ಗೋಡೆಯ ಕಡೆ ತಿರುಗಿ ಕುಳಿತು ಉಣ್ಣುತ್ತಾಳೆ.